ಫ್ರೆಂಚ್ ಬಾಯಾರ ಕಡೆಯ ಅಧ್ಯಾಯ

ರಿಟೈರ್ ಆದ ಮೇಲೆ ಏನು ಮಾಡುತ್ತೀರಿ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನು ಮಾಡಬೇಕಂತೆ? ಉಣ್ಣುತ್ತೇನೆ, ಮಲಗುತ್ತೇನೆ, ಔಷಧದ ಅಂಗಡಿಗೆ ಹೋಗಿ ಬರುತ್ತೇನೆ. ಹುಬ್ಬಳ್ಳಿ ಹತ್ತಿರದ ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಸಂಜೆ ವಾಕಿಂಗ್ ಹೊರಡುವ ಹೆಂಗಸರು ಗೇಟಿನ ಹತ್ತಿರ ನಿಂತು, "ಒಬ್ರಿಗೇ ಬ್ಯಾಸರ ಆಗಂಗಿಲ್ಲೇನ್ರಿ?" ಎನ್ನುತ್ತಾರೆ. "ಇಲ್ರೀ, ನಾ ಭಾಳ ಆರಾಮ ಇದ್ದೀನಿ" ಎಂದು ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅದು ಶುದ್ಧ ಸುಳ್ಳು. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡರು. ಮಕ್ಕಳಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಫ್ರೆಂಚ್ ಪಾಠ ಹೇಳಿದೆ. ಸುಲಭವಾಗಿ ಮಾರ್ಕ್ಸ್ ಬೀಳುತ್ತವೆ ಎಂದು ಫ್ರೆಂಚ್ ತೆಗೆದುಕೊಂಡ ಹುಡುಗರು ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆತರು, ಜೊತೆಗೆ ನನ್ನನ್ನೂ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಬಾಯಿಂದ ಹೊರಟ ಮಾತೆಂದರೆ ತರಕಾರಿ ಗಾಡಿಯವನಿಗೆ ಹೇಳಿದ "ಬ್ಯಾಡ" ಒಂದೇ.

ಅಂಥ ದಿನಗಳಲ್ಲಿ ನನಗೆ ಸಿಕ್ಕವಳು ಮುನ್ನೂರು ವರ್ಷದ ಹಿಂದಿನ ಒಬ್ಬ ಫ್ರೆಂಚ್ ಕಾದಂಬರಿಕಾರ್ತಿ. ಅವಳ ಹೆಸರು ಹೇಳುವುದಿಲ್ಲ; ಬದುಕಿದ್ದಾಗ ಅವಳೂ ತನ್ನ ಪುಸ್ತಕಗಳ ಮೇಲೆ ಹೆಸರು ಹಾಕಿಕೊಳ್ಳಲಿಲ್ಲ. ಗಂಡನ ಮನೆ ಬಿಟ್ಟು ಬಂದು, ಬರೆದೇ ಹೊಟ್ಟೆ ಹೊರೆದುಕೊಂಡವಳು. ಯಾರೋ ಪುಣ್ಯಾತ್ಮರು ಅವಳ ಹಳೆಯ ಪುಟಗಳ ಫೋಟೊಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಒಂದು ಕಾದಂಬರಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿಕೊಂಡು ಬಂದೆ. "ಇದು ಯಾವ ಪರೀಕ್ಷಾಕ್ಕ ಬರ್ತೈತ್ರಿ ಮೇಡಮ್?" ಎಂದು ಅಂಗಡಿಯವನು ಕೇಳಿದ. ಯಾವುದಕ್ಕೂ ಬರುವುದಿಲ್ಲಪ್ಪ ಎಂದೆ.

ಅವಳ ಕಾದಂಬರಿಗಳಲ್ಲಿ ಇತಿಹಾಸ ಉಂಟು, ಆದರೆ ಅದು ಅವಳ ಮಾತು ಮೀರುವುದಿಲ್ಲ. ಯುದ್ಧ ನಡೆಯುವುದು ಪ್ರೇಮಿಗಳಿಬ್ಬರನ್ನು ಅಗಲಿಸಲಿಕ್ಕೆ. ಸಂಧಾನ ಆಗುವುದು ಅವರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲಿಕ್ಕೆ. ಸತ್ತು ಹತ್ತು ವರ್ಷವಾದ ರಾಜ, ಕಥೆಗೆ ಬೇಕೆನಿಸಿದರೆ, ಎದ್ದು ಬಂದು ಔತಣ ಕೊಡುತ್ತಾನೆ. ಪುಟಕ್ಕೊಬ್ಬರು ಮೂರ್ಛೆ ಹೋಗುತ್ತಾರೆ, ಅಧ್ಯಾಯಕ್ಕೆ ನಾಲ್ಕು ಪತ್ರ, ಪತ್ರಕ್ಕೊಂದು ಬೊಗಸೆ ಕಣ್ಣೀರು. ವಿದ್ಯಾರ್ಥಿಯಾಗಿದ್ದಾಗ ಇಂಥವನ್ನು ಕಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕವಳು ನಾನು. ಅರವತ್ತೆರಡರ ವಯಸ್ಸಿನಲ್ಲಿ ಓದಿದರೆ ನಗು ಬರಲಿಲ್ಲ. ತನ್ನ ಮಾತು ಯಾರೂ ಕೇಳದ ಮನೆಯಲ್ಲಿ ಕೂತ ಒಬ್ಬ ಹೆಂಗಸು, ರಾಜರೂ ಸೇನಾಪತಿಗಳೂ ತನ್ನ ಮಾತು ಕೇಳುವ ಒಂದು ಲೋಕ ಕಟ್ಟಿಕೊಂಡಳಲ್ಲ ಎನಿಸಿತು. ಕನ್ನಡಕ್ಕೆ ತರೋಣ ಎಂದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ.

ನಮ್ಮ ಮನೆಗೆ ರೊಟ್ಟಿ ಮಾಡಲು ಬರುತ್ತಿದ್ದವಳು ಉಪ್ಪಿನಬೆಟಗೇರಿಯ ಒಬ್ಬ ಹೆಂಗಸು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆದರೂ ಓಣಿಯವರೆಲ್ಲ ಕರೆಯುವಂತೆ ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಬೆಳಗಿನ ಬಸ್ಸಿಗೆ ಬಂದು ನಾಲ್ಕು ಮನೆಗಳಲ್ಲಿ ರೊಟ್ಟಿ ಬಡಿದು, ಕೊನೆಗೆ ನನ್ನ ಮನೆಗೆ ಬರುವಾಗ ಹನ್ನೆರಡು ದಾಟುತ್ತಿತ್ತು. ನನಗೆ ಬೇಕಾದದ್ದು ಮೂರೇ ರೊಟ್ಟಿ. ಆ ಮೂರು ರೊಟ್ಟಿ ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಅವಳನ್ನು ಕಳಿಸಿಬಿಟ್ಟರೆ ಹೇಗೆ ಎಂದು, ನಾಳೆಗೂ ಇರಲಿ, ನಾಡಿದ್ದಿಗೂ ಇರಲಿ ಎಂದು ಹತ್ತು ಹನ್ನೆರಡು ಮಾಡಿಸುತ್ತಿದ್ದೆ. ಉಳಿದದ್ದನ್ನು ಓಣಿಯ ದನಗಳು ತಿಂದು ದಷ್ಟಪುಷ್ಟವಾದವು.

ಒಂದು ದಿನ ನಾನು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೆ. ಪಾಠ ಹೇಳಿದವಳೆಂದು ನನ್ನನ್ನು ಬಾಯಾರು ಎನ್ನುತ್ತಿದ್ದ ಅಕ್ಕ ಹಿಟ್ಟು ನಾದುತ್ತ ಕೇಳಿದಳು. "ಏನ್ ಬರ್ಯಾಕತ್ತೀರಿ ಬಾಯಾರ, ದಿನಾ?"

"ಕತಿ. ಒಬ್ಬಾಕಿ ಫ್ರೆಂಚ್ ಬಾಯಿ ಬರದದ್ದು. ಅದನ್ನ ಕನ್ನಡದಾಗ ಬರೀಲಿಕ್ಕತ್ತೀನಿ."

"ಹಂಗಾರ ಓದ್ರಿ ಮತ್ತ. ನನ್ನ ಕಿವಿ ಏನ್ ಖಾಲೀನ ಅದಾವು."

ಓದಿದೆ. ಮೊದಲ ಪುಟದಲ್ಲೇ ಒಬ್ಬ ಡ್ಯೂಕ್, ಅವನ ಕೋಟೆ. ಡ್ಯೂಕ್ ಎಂದರೆ ಏನೆಂದು ವಿವರಿಸುವ ತಾಳ್ಮೆ ನನಗೆಲ್ಲಿಂದ ಬರಬೇಕು, "ದೇಸಾಯರು ಅಂತ ತಿಳಕೋ" ಎಂದುಬಿಟ್ಟೆ. ಅಲ್ಲಿಗೆ ಡ್ಯೂಕ್ ದೇಸಾಯರಾದರು, ಕೋಟೆ ವಾಡೆಯಾಯಿತು, ಸಂನ್ಯಾಸಿನಿಯರ ಆಶ್ರಮ ಹೆಣ್ಣುಮಕ್ಕಳ ಮಠವಾಯಿತು. "ಮಠದಾಗ ದಾಸೋಹ ಇತ್ತೇನ್ರಿ?" ಎಂದು ಅಕ್ಕ ಕೇಳಿದಳು. ಇರಬೇಕು ಎಂದೆ. ಬರೆದವಳು ಕೂಡ ಅವಳ ಬಾಯಲ್ಲಿ ಫ್ರೆಂಚ್ ಬಾಯಾರಾದಳು. "ಇವತ್ತ ಫ್ರೆಂಚ್ ಬಾಯಾರು ಏನಂತಾರ?" ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದಳು. ಬೆಳಗ್ಗೆ ಏಳುವುದಕ್ಕೆ ನನಗೊಂದು ಕಾರಣ ಸಿಕ್ಕಿತು. ಹನ್ನೆರಡಕ್ಕೆ ಓದಬೇಕಾದದ್ದನ್ನು ಎಂಟು ಗಂಟೆಯಿಂದಲೇ ತಿದ್ದುತ್ತ ಕೂರುತ್ತಿದ್ದೆ.

ಕಥೆ ಹೀಗಿತ್ತು. ದೇಸಾಯರ ಕಿರಿಯ ಮಗಳು ಮನೆಯವರಿಗೆ ಗೊತ್ತಿಲ್ಲದಂತೆ ಒಬ್ಬ ಕಪ್ತಾನನನ್ನು ಮದುವೆಯಾಗುತ್ತಾಳೆ. ವಾರ ಕಳೆಯುವುದರೊಳಗೆ ರಾಜನ ಅಪ್ಪಣೆ ಬಂದು ಅವನು ಸಮುದ್ರದಾಚೆ ಯುದ್ಧಕ್ಕೆ ಹೋಗುತ್ತಾನೆ. ಆಮೇಲೆ ಸುದ್ದಿಯೇ ಇಲ್ಲ. ಇದ್ದಾನೋ ಸತ್ತಾನೋ ಯಾರೂ ಹೇಳಲಾರರು. ಅವಳು ಎಂಟು ವರ್ಷ ಕಿಟಕಿಯಲ್ಲಿ ಕೂತು ಕಾಯುತ್ತಾಳೆ. ಪಕ್ಕದ ವಾಡೆಯಲ್ಲಿ ಒಬ್ಬ ಮಧ್ಯವಯಸ್ಸಿನ ವಿಧುರ, ಹೆಚ್ಚು ಮಾತಿಲ್ಲದ ಮನುಷ್ಯ, ಅವಳನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿರುತ್ತಾನೆ. ಅವನು ಪ್ರತಿ ಸುಗ್ಗಿಗೆ ಒಂದು ಬುಟ್ಟಿ ಹಣ್ಣು ಕಳಿಸುತ್ತಾನೆ, ಅಷ್ಟೇ.

"ಬರೇ ಹಣ್ಣ ಕಳಿಸಿದ್ರ ಆತೇನ್ರಿ? ಬಾಯಿಲ್ಲೇನು ಅವಂಗ?" ಎಂದು ಅಕ್ಕ ಬೈಯುತ್ತಿದ್ದಳು. ಇನ್ನೊಂದು ದಿನ ದೇಸಾಯರ ಮಗಳಿಗೆ ಬೈಗುಳ. "ಎವ್ವಾ, ಮೂರ್ತಾಸಿಗೊಮ್ಮೆ ಎಚ್ಚರ ತಪ್ಪತಾಳಲ್ರಿ! ಹೊಟ್ಟಿಗೆ ಸರಿಯಾಗಿ ಉಣ್ಣಂಗಿಲ್ಲೇನು? ಎರಡ ರೊಟ್ಟಿ ಕಡದಿದ್ರ ಗಟ್ಟಿ ಇರತಿದ್ಲು." ನಾನು ಕುರ್ಚಿಯಲ್ಲಿ ಕೂತು ಬಿದ್ದು ಬಿದ್ದು ನಗುತ್ತಿದ್ದೆ. ನನ್ನ ನಗುವಿನ ಸದ್ದು ನನಗೇ ಹೊಸದಾಗಿ ಕೇಳಿಸುತ್ತಿತ್ತು.

ನಾವು ಓದಲು ಶುರು ಮಾಡಿದ್ದು ಶ್ರಾವಣದ ಮೊದಲ ಸೋಮವಾರ. ನನಗೆ ಅದರ ಖಬರೇ ಇರಲಿಲ್ಲ. ಅಕ್ಕನಿಗಿತ್ತು. ಅವರ ಊರಿನಲ್ಲಿ ಶ್ರಾವಣಕ್ಕೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಊರೆಲ್ಲ ಕೂತು ಕೇಳುತ್ತದೆ, ಕೊನೆಯ ದಿನ ಕಾಯಿ ಒಡೆದು ಮಂಗಳ ಮಾಡುತ್ತಾರೆ. ನಾನು ಓದಲು ನೋಟ್‌ಬುಕ್ ತೆಗೆದ ಕೂಡಲೇ ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಒಂದೊಂದು ದಿನ ಸ್ಪೈರಲ್ ಪುಸ್ತಕದ ಮೇಲೆ ಒಂದು ಸೇವಂತಿಗೆ ಇಟ್ಟು ಹೋಗುತ್ತಿದ್ದಳು. ಪ್ಯಾರಿಸ್ಸಿನ ಪ್ರೇಮ ಕಾದಂಬರಿಗೆ ಹೂವು! ಇದು ಪುರಾಣ ಅಲ್ಲವೇ ಮಾರಾಯ್ತಿ, ಬರೀ ಕಟ್ಟುಕಥೆ ಎಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದರೂ ನನ್ನ ಓದಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ, ನನಗೆ ಅದು ಹಿತವಾಗಿತ್ತು.

ಮಹಾನವಮಿಯ ಹೊತ್ತಿಗೆ ಕಥೆ ಕೊನೆಗೆ ಬಂತು. ಒಂದೇ ಅಧ್ಯಾಯ ಉಳಿದಿತ್ತು. "ನಾಳೆ ಮುಗೀತದ ನೋಡು" ಎಂದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈ ತೊಳೆದುಕೊಂಡು ಬಂದು ಬಾಗಿಲ ಹೊಸ್ತಿಲ ಹತ್ತಿರ ಕೂತಳು. ಹಾಗೆ ಕೆಲಸ ನಡುವೆ ಬಿಟ್ಟು ಅವಳು ಕೂತದ್ದು ಅದೇ ಮೊದಲು.

"ಬಾಯಾರ, ನಿಮಗೊಂದ ಹೇಳತೇನಿ, ಯಾರ ಮುಂದೂ ಹೇಳಬ್ಯಾಡ್ರಿ."

ಅವಳ ಗಂಡ ಗೋವಾಕ್ಕೆ ಕಟ್ಟಡದ ಕೆಲಸಕ್ಕೆಂದು ಹೋಗಿ ಹನ್ನೊಂದು ವರ್ಷ ಆಗಿತ್ತು. ಅದು ನನಗೆ ಗೊತ್ತಿತ್ತು. ಮೊದಲ ವರ್ಷ ಎರಡು ಸಲ ಫೋನ್ ಬಂದಿತ್ತಂತೆ, ಆಮೇಲೆ ಆ ನಂಬರೂ ಇಲ್ಲ, ಅವನೂ ಇಲ್ಲ. ಗೊತ್ತಿರದ ಸಂಗತಿಯೆಂದರೆ, ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸುವ ಒಬ್ಬ ಮನುಷ್ಯ ಇವಳನ್ನು ಕೇಳಿದ್ದ. ಹೆಂಡತಿ ಸತ್ತವನು. ಇವಳು ರೊಟ್ಟಿ ಕಟ್ಟಿ ಕಳಿಸುತ್ತಿದ್ದ ಡಬ್ಬಿಗಳಲ್ಲಿ ಅವನದೂ ಒಂದಿತ್ತು. ಉಡಿಕಿ ಮಾಡಿಕೊಳ್ಳುತ್ತೇನೆ ಎಂದಿದ್ದನಂತೆ. ಗಂಡ ಸತ್ತವಳಿಗೆ, ಗಂಡ ಬಿಟ್ಟುಹೋದವಳಿಗೆ ಸೀರೆ ಉಡಿಸಿ ಮಾಡಿಕೊಳ್ಳುವ ಎರಡನೆಯ ಮದುವೆಗೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಬಿಡುಗಡೆ ಕೊಡುತ್ತಾರೆ ಎಂದು ಅವನೇ ವಕೀಲರನ್ನೂ ಕೇಳಿಕೊಂಡು ಬಂದಿದ್ದ, ಇವಳ ಊರಿನ ಹಿರಿಯರೂ ಹೂಂ ಅಂದಿದ್ದರು. ಇವಳ ಉತ್ತರ ಮಾತ್ರ ಬಾಕಿ ಇತ್ತು. ತುಳಸಿ ಲಗ್ನದವರೆಗೆ ಕಾಯುತ್ತೇನೆ, ಆಮೇಲೆ ಅವ್ವ ಬೇರೆ ಹೆಣ್ಣು ನೋಡುತ್ತಾಳೆ ಎಂದು ಅವನು ಹೇಳಿದ್ದ.

"ಛಲೋ ಮನಶಾ ಅದಾನ್ರಿ. ಇನ್ನ ಮನಿ ಮನಿ ತಿರಗೂದು ಬ್ಯಾಡ, ಮನ್ಯಾಗ ಇರು ಅಂತಾನ. ಆದ್ರ ಈ ತಾಳಿ ಕಟ್ಟಿದಾಂವ ಎಲ್ಲ್ಯರ ಇದ್ದು, ನಾಳಿ ಬಂದು ಬಾಗಲಾಗ ನಿಂತ್ರ?"

"ನನ್ನೇನು ಕೇಳ್ತಿ? ನಿನ್ನ ಮನಸ್ಸು ಏನಂತದ?"

"ಮನಸಿನ ಮಾತ ನಂಬಾಕ ಆಗವಲ್ದರಿ. ನಮ್ಮವ್ವ ಒಂದ ಮಾಡತಿದ್ಲು. ಪುರಾಣ ಹಚ್ಚಿದ ದಿನ ಒಂದ ಮಾತ ಮನಸಿನ್ಯಾಗ ಹಿಡಕೊಂಡ ಕುಂದರತಿದ್ಲು. ಮಂಗಳದ ದಿನ ಅದಕ್ಕ ಉತ್ತರ ಸಿಗತಿತ್ತು. ನಾನೂ ಹಂಗ ಹಿಡಕೊಂಡೇನಿ. ಫ್ರೆಂಚ್ ಬಾಯಾರ ಕತ್ಯಾಗ ದೇಸಾಯರ ಮಗಳು ಏನ್ ಮಾಡತಾಳೋ, ನಾನೂ ಅದನ್ನ ಮಾಡಾಕಿ."

ನಾನು ಕಾದಂಬರಿಯನ್ನು ಮೊದಲೇ ಎರಡು ಸಲ ಓದಿ ಮುಗಿಸಿದವಳು. ಕೊನೆಯ ಅಧ್ಯಾಯದಲ್ಲಿ ದೇಸಾಯರ ಮಗಳು ಒಂದು ಬೆಳಗ್ಗೆ ಕಿಟಕಿ ಮುಚ್ಚುತ್ತಾಳೆ. ಸತ್ತವನಿಗೆ ಸಲ್ಲಬೇಕಾದ ಪ್ರಾರ್ಥನೆ ಸಲ್ಲಿಸಿ, ಹಣ್ಣು ಕಳಿಸುವ ಆ ಮಾತಿಲ್ಲದ ಮನುಷ್ಯನ ಕೈಹಿಡಿದು ಆ ವಾಡೆ ಬಿಟ್ಟು ನಡೆಯುತ್ತಾಳೆ. ಕಪ್ತಾನ ಏನಾದ ಎಂದು ಫ್ರೆಂಚ್ ಬಾಯಾರು ಕೊನೆಗೂ ಹೇಳುವುದಿಲ್ಲ. ಅಂದರೆ ಉತ್ತರ ಸಿದ್ಧವಾಗಿತ್ತು. ನಾನು ಮಾಡಬೇಕಾದದ್ದು ಇದ್ದದ್ದನ್ನು ಇದ್ದ ಹಾಗೆ ಓದುವುದು, ಅಷ್ಟೇ.

ಮರುದಿನ ಅಕ್ಕ ತಲೆಗೆ ಸ್ನಾನ ಮಾಡಿ, ತೆಂಗಿನಕಾಯಿ ಹಿಡಿದು ಬಂದಳು. ಕೊನೆಯ ಅಧ್ಯಾಯವನ್ನು ಇನ್ನೂ ನೋಟ್‌ಬುಕ್ಕಿಗೆ ಇಳಿಸಿರಲಿಲ್ಲ. ಸ್ಪೈರಲ್ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು, ಫ್ರೆಂಚನ್ನು ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಕಿಟಕಿಯವರೆಗೆ ಸರಿಯಾಗಿಯೇ ಹೇಳಿದೆ. ಕಿಟಕಿ ಮುಚ್ಚಲು ಅವಳು ಕೈ ಎತ್ತುತ್ತಾಳೆ ಎಂಬಲ್ಲಿ ನನ್ನ ಬಾಯಿ ನಿಂತಿತು. ಒಲೆಯ ಮುಂದಿನ ಅವಳ ಮಣೆಯನ್ನು ನೋಡಿದೆ. ಅದು ಖಾಲಿಯಾಗುತ್ತದೆ. ನಾಳೆ ಹನ್ನೆರಡಾಗುತ್ತದೆ, ಯಾರೂ ಬರುವುದಿಲ್ಲ. ನನಗೆ ಹೆದರಿಕೆಯಾಯಿತು. ಇದಕ್ಕಿಂತ ದೊಡ್ಡ ಕಾರಣ ಇತ್ತು ಎಂದು ಬರೆದುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಇರಲಿಲ್ಲ.

"ಅಷ್ಟ್ರಾಗ ದೂರದಾಗ ಧೂಳು ಕಾಣಿಸ್ತು" ಎಂದೆ. "ಕುದರಿ ಮ್ಯಾಲೆ ಒಬ್ಬಾಂವ ಬರ್ಲಿಕ್ಕತ್ತಿದ್ದ."

"ಎವ್ವಾ! ಕಪ್ತಾನ?"

"ಕಪ್ತಾನ. ಗಡ್ಡ ಬಂದಿತ್ತು, ಹಣೀಮ್ಯಾಲೆ ಗಾಯ. ಆದ್ರೂ ಆಕಿ ಗುರ್ತು ಹಿಡಿದ್ಲು."

ಅಕ್ಕ ಗಳಗಳ ಅತ್ತಳು. ನಾನು ಅವಳ ಮುಖ ನೋಡದೆ ಹೇಳಿ ಮುಗಿಸಿದೆ. ಬಂದವನಿಗೆ ಊಟ ಹಾಕಿಸಿದೆ, ರಾಜನಿಂದ ಇನಾಮು ಕೊಡಿಸಿದೆ, ಹಣ್ಣಿನ ಬುಟ್ಟಿಯವನನ್ನು ತೀರ್ಥಯಾತ್ರೆಗೆ ಕಳಿಸಿದೆ. ಅಕ್ಕ ಕಾಯಿ ಒಡೆದು, ಸಕ್ಕರೆ ಹಂಚಿ, ಪುಸ್ತಕಕ್ಕೆ ಕೈ ಮುಗಿದು ಹೋದಳು. ನಾನು ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫ್ರೆಂಚ್ ಬಾಯಾರು ಸತ್ತ ರಾಜರನ್ನೇ ಎಬ್ಬಿಸಿ ಔತಣಕ್ಕೆ ಕೂರಿಸಿದವರು, ನಾನು ಒಬ್ಬ ಕಪ್ತಾನನನ್ನು ಬದುಕಿಸಿದರೆ ಏನು ಮುಳುಗಿಹೋಯಿತು? ಅನುವಾದಕರು ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳುವುದಿಲ್ಲವೇ? ಆ ದಿನ ತಿಂದ ಸಕ್ಕರೆ ಮಾತ್ರ ಬಾಯಲ್ಲಿ ಮರಳಿನ ಹಾಗೆ ಆಯಿತು.

ಅಕ್ಕ ತಾರಿಹಾಳದವನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ನನ್ನ ಮನೆಗೆ ಎಂದಿನಂತೆ ಬಂದಳು. ಫ್ರೆಂಚ್ ಬಾಯಾರ ಇನ್ನೊಂದು ಕಾದಂಬರಿ ಶುರು ಮಾಡಿದೆ. ಅದರಲ್ಲಿ ಒಬ್ಬ ರಾಣಿ, ಇಬ್ಬರು ರಾಜಕುಮಾರರು. ಅಕ್ಕ ಕೇಳುತ್ತಿದ್ದಳು, ಆದರೆ ಬೈಯುತ್ತಿರಲಿಲ್ಲ. ರಾಣಿ ಮೂರ್ಛೆ ಹೋದರೂ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. "ಯಾಕ, ಛಲೋ ಅನಸವಲ್ತೇನು?" ಎಂದರೆ, "ಛಲೋ ಐತ್ರಿ" ಎನ್ನುತ್ತಿದ್ದಳು. ಕೆಲಸವನ್ನು ಲಗೂ ಲಗೂ ಮುಗಿಸಿ ಎರಡು ಗಂಟೆಗೆ ಮುಂಚೆಯೇ ಹೊರಟುಬಿಡುತ್ತಿದ್ದಳು. ಎಲ್ಲಿಗೆ ಎಂದು ಕೇಳಿದರೆ ಹುಬ್ಬಳ್ಳಿಯೊಳಗೆ ಸ್ವಲ್ಪ ಕೆಲಸ ಎನ್ನುತ್ತಿದ್ದಳು. ಇನ್ನೊಂದು ಮನೆಯ ರೊಟ್ಟಿ ಹಿಡಿದಿರಬೇಕು ಎಂದುಕೊಂಡೆ.

ದೀಪಾವಳಿ ಕಳೆದು ಎರಡು ದಿನವಾಗಿತ್ತು. ಕನ್ನಡಕದ ಗಾಜು ಬದಲಿಸಲು ಹುಬ್ಬಳ್ಳಿಗೆ ಹೋದವಳು ಬಸ್ ಸ್ಟ್ಯಾಂಡಿನೊಳಗಿಂದ ಹಾದು ಬರುತ್ತಿದ್ದೆ. ಗೋವಾ ಬಸ್ಸು ಬಂದು ನಿಲ್ಲುವಲ್ಲಿ ಅಕ್ಕ ನಿಂತಿದ್ದಳು. ಹಬ್ಬಕ್ಕೆ ತೆಗೆದುಕೊಂಡ ನೀಲಿ ಸೀರೆ, ಮುಡಿಯಲ್ಲಿ ಅಬ್ಬಲಿಗೆ ಹೂವು. ಬಸ್ಸು ಬಂತು. ಒಬ್ಬೊಬ್ಬರೇ ಇಳಿದರು. ಅಕ್ಕ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ನೋಡಿದಳು. ಗಡ್ಡ ಬಿಟ್ಟವರನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಎಲ್ಲರೂ ಇಳಿದು, ಕಂಡಕ್ಟರ್ ಬಾಗಿಲು ಹಾಕಿದ ಮೇಲೆ ಸೆರಗು ಸರಿಮಾಡಿಕೊಂಡು, ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತಳು. ಇನ್ನೊಂದು ಬಸ್ಸಿಗೆ ಕಾಯುತ್ತಿದ್ದಳು.

ಗಡ್ಡ ಕೊಟ್ಟವಳು ನಾನು. ಫ್ರೆಂಚ್ ಪುಸ್ತಕದಲ್ಲಿ ಆ ಗಡ್ಡ ಎಲ್ಲೂ ಇರಲಿಲ್ಲ.

ನಾನು ಅವಳ ಹತ್ತಿರ ಹೋಗಲಿಲ್ಲ. ಕಂಬದ ಮರೆಯಲ್ಲಿ ಕಳ್ಳಿಯಂತೆ ನಿಂತಿದ್ದು, ಅವಳ ಕಣ್ಣು ತಪ್ಪಿಸಿ ಮನೆಗೆ ಬಂದೆ. ಬಂದವಳೇ ಅತ್ತೆ. ಗಂಡ ಸತ್ತಾಗ ಜನರೆಲ್ಲ ನೋಡುತ್ತಿದ್ದಾರಲ್ಲ ಎಂದು ನಾನು ಸರಿಯಾಗಿ ಅತ್ತಿರಲಿಲ್ಲ. ಈ ಸಲ ನೋಡುವವರು ಯಾರೂ ಇರಲಿಲ್ಲ. ಒಂಟಿತನ ಎಂದರೇನು ಎಂದು ಚೆನ್ನಾಗಿ ಬಲ್ಲವಳು ನಾನು. ಬಲ್ಲವಳೇ ಅದನ್ನು ಇನ್ನೊಬ್ಬಳ ಉಡಿಗೆ ಕಟ್ಟಿದ್ದೆ. ತಾರಿಹಾಳದವನು ಗಡುವು ಹೇಳಿದ್ದ ತುಳಸಿ ಲಗ್ನಕ್ಕೆ ಇನ್ನು ಎಂಟೇ ದಿನ ಇತ್ತು.

ಮರುದಿನ ಅಕ್ಕ ಹಂಚು ಇಟ್ಟು ಹಿಟ್ಟು ತೆಗೆದುಕೊಳ್ಳುವಾಗಲೇ ಹೇಳಿದೆ.

"ಅಕ್ಕ, ನಾ ನಿನಗ ಸುಳ್ಳು ಹೇಳೀನಿ. ಕಪ್ತಾನ ಬರಲೇ ಇಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ಯಾವ ಕಪ್ತಾನ್ರಿ?"

"ದೇಸಾಯರ ಮಗಳ ಗಂಡ. ಪುಸ್ತಕದಾಗ ಅಂವ ಬರೂದಿಲ್ಲ. ಆಕಿ ಕಿಟಕಿ ಮುಚ್ಚಿ, ಆ ಹಣ್ಣು ಕಳಸಾಂವನ ಜೋಡಿ ಹೋಗ್ತಾಳ. ಅದ ಖರೇ ಕತಿ. ಉಳಿದದ್ದು ನಾ ಕಟ್ಟಿ ಹೇಳಿದ್ದು."

"ಯಾಕ್ರಿ?"

"ನೀ ಲಗ್ನ ಆಗಿ ಹೋದ್ರ ನಾ ಒಬ್ಬಾಕಿನ ಆಗ್ತಿದ್ದೆ. ಅದಕ್ಕ."

ಅಕ್ಕ ಹಿಟ್ಟು ನಾದಿದಳು, ಬಡಿದಳು, ಬೇಯಿಸಿದಳು. ಮೂರೇ ರೊಟ್ಟಿ. ಬಟ್ಟೆ ಮುಚ್ಚಿ ಇಟ್ಟು, ಒಲೆ ಆರಿಸಿ, ಕೈ ತೊಳೆದಳು. ಬೈದರೆ ಬೈಯಲಿ, ನಾಲ್ಕು ಮನೆಗೆ ಕೇಳುವಂತೆ ಬೈಯಲಿ ಎಂದು ನಾನು ಕಾದು ನಿಂತಿದ್ದೆ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಅವಳು ಹೇಳಿದ್ದು ಇಷ್ಟೇ.

"ಬುಕ್ಕಾ ತಪ್ಪ ಹೇಳಿದ್ರ ನಾ ತಡಕೋತಿದ್ದೆ ಬಾಯಾರ. ಬುಕ್ಕಾ ಬರದಾಕಿ ನನ್ನ ನೋಡಿಲ್ಲ. ನೀವು ದಿನಾ ನೋಡೀರಿ."

ಮರುದಿನ ಅವಳು ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಅವಳು ಹೋಗುವ ಬೇರೆ ಮನೆಗಳಲ್ಲಿ ವಿಚಾರಿಸಿದರೆ, ಊರಾಗ ಕೆಲಸ ಐತಿ ಅಂದಾಳ್ರಿ ಎಂದರು. ಫೋನ್ ಮಾಡಲು ನನಗೆ ಮುಖವಿರಲಿಲ್ಲ. ಹನ್ನೆರಡಕ್ಕೆ ಗೇಟಿನ ಸದ್ದಾದರೆ ಎದ್ದು ನೋಡುತ್ತಿದ್ದೆ. ಕೊರಿಯರ್ ಹುಡುಗ ಪಕ್ಕದ ಮನೆಯ ವಿಳಾಸ ಕೇಳಲು ಬಂದಿರುತ್ತಿದ್ದ. ಕೊನೆಯ ಅಧ್ಯಾಯವನ್ನು ಇದ್ದಂತೆ ಕನ್ನಡಕ್ಕೆ ಮಾಡಿ ಮುಗಿಸಿದೆ. ಒಂದು ಸಾಲು ಹೆಚ್ಚಿಲ್ಲ, ಒಂದು ಸಾಲು ಕಡಿಮೆಯಿಲ್ಲ. ಗಟ್ಟಿಯಾಗಿ ಓದಿ ನೋಡಬೇಕು ಎಂದು ಬಾಯಿ ತೆರೆದೆ, ಎರಡು ವಾಕ್ಯ ಆಗುವುದರೊಳಗೆ ನನ್ನ ದನಿಗೆ ನಾನೇ ಹೇಸಿ ನಿಲ್ಲಿಸಿದೆ.

ತುಳಸಿ ಲಗ್ನ ಕಳೆದ ಮೂರನೆಯ ದಿನ, ಹನ್ನೊಂದರ ಹೊತ್ತಿಗೆ ಗೇಟಿನ ಮುಂದೆ ಒಂದು ಮೋಟಾರ್ ಬೈಕು ನಿಂತಿತು. ನಡೆಸುತ್ತಿದ್ದವನು ನಲವತ್ತೈದರ ಹತ್ತಿರದ ಮನುಷ್ಯ, ಬೋಳಿಸಿದ ಗಡ್ಡ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು. ಹಿಂದೆ ಅಕ್ಕ. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಅವನು ನನಗೆ ಕೈ ಮುಗಿದು, ಒಳಗೆ ಬರ್ರಿ ಎಂದರೂ ಬಾರದೆ, ಬೈಕಿನ ಹತ್ತಿರವೇ ನಿಂತ. ಅಕ್ಕ ಒಳಗೆ ಬಂದು ನಡುಮನೆಯಲ್ಲಿ ನಿಂತಳು. ಕೂತುಕೊಳ್ಳಲಿಲ್ಲ.

"ಆತೇನು?" ಎಂದೆ.

"ಆತ್ರಿ. ನಿನ್ನೆ ಅವರ ಮನ್ಯಾಗ. ನಾಕ ಮಂದಿ ಹಿರ್ಯಾರು ಇದ್ರು." ಕೈಯಲ್ಲಿದ್ದ ಚೀಲವನ್ನು ಮುಂದೆ ಹಿಡಿದು ಹೇಳಿದಳು. "ಉಡಿ ಯಾರೂ ತುಂಬಲಿಲ್ಲರಿ. ಉಡಿಕಿ ಅಂದ್ರ ಮುತ್ತೈದ್ಯಾರು ಹೊರಗ ಬರಂಗಿಲ್ಲ. ನೀವು ತುಂಬ್ರಿ."

ಉಡಿ ತುಂಬುವುದು ಎಂದರೆ ಮದುವೆಯಾದವಳ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕಿ ಹರಸುವುದು. ಅದನ್ನು ಮಾಡುವವರು ಗಂಡನಿರುವ ಹೆಂಗಸರು. ಮೂವತ್ತೈದು ವರ್ಷದಿಂದ ಯಾರ ಮನೆಯ ಶುಭಕಾರ್ಯದಲ್ಲಿಯೂ ನನ್ನನ್ನು ಆ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಎದ್ದು ಹಿತ್ತಲಿಗೆ ಹೋಗಿ ನಿಲ್ಲುವುದು ನನಗೆ ರೂಢಿಯಾಗಿಹೋಗಿತ್ತು.

"ನಾ ವಿಧವಿ ಇದ್ದೀನಿ, ಅಕ್ಕ."

"ಗೊತ್ತೈತ್ರಿ."

"ನಮ್ಮನ್ಯಾಗ ಖಣ ಇಲ್ಲ."

"ನಾನ ತಂದೇನ್ರಿ" ಎಂದು ಚೀಲದಿಂದ ತೆಗೆದು ಕೊಟ್ಟಳು.

ಡಬ್ಬಿಯಿಂದ ಅಕ್ಕಿ ತಂದೆ, ಕೊಬ್ಬರಿ ಬಟ್ಟಲು ತಂದೆ. ರೂಢಿಯಿಲ್ಲದ ಕೈ, ಅರ್ಧ ಅಕ್ಕಿ ನೆಲದ ಮೇಲೆ ಬಿತ್ತು. ಅಕ್ಕ ಸೆರಗು ಹಿಡಿದು ನನ್ನ ಮುಂದೆ ನಿಂತಿದ್ದಳು. ಐದು ಸಲ ಬೊಗಸೆ ತುಂಬಿ ಹಾಕಿದೆ, ಖಣ ಇಟ್ಟೆ, ದೇವರ ಮುಂದಿದ್ದ ಕುಂಕುಮ ತಂದು ಹಚ್ಚಿದೆ. "ಛಲೋತ್ನಾಗಿ ಇರು" ಎಂದೆ. ತಪ್ಪಾಯಿತು ಎಂದು ಹೇಳಬೇಕೆಂದುಕೊಂಡದ್ದನ್ನು ಹೇಳಲಿಲ್ಲ. ಅವಳು ಬಗ್ಗಿ ನನ್ನ ಕಾಲು ಮುಟ್ಟಿ, ಉಡಿಯನ್ನು ನಡುವಿಗೆ ಗಂಟು ಹಾಕಿಕೊಂಡಳು. ನನ್ನ ಕಣ್ಣು ಹರಿಯುತ್ತಿದ್ದವು, ಅವಳವೂ ಹರಿಯುತ್ತಿದ್ದವು. ಒಬ್ಬರನ್ನೊಬ್ಬರು ಮುಟ್ಟಿ ಸಮಾಧಾನ ಮಾಡಲಿಲ್ಲ.

"ಕಡೀ ಅಧ್ಯಾಯ ಬರದೀನಿ. ಇದ್ದದ್ದು ಇದ್ದಂಗ. ಓದ್ಲೇನು?" ಎಂದೆ.

"ಬ್ಯಾಡ್ರಿ."

ಗೇಟಿನವರೆಗೆ ಅವಳ ಹಿಂದೆ ಹೋದೆ. ಅವನು ಬೈಕ್ ಚಾಲು ಮಾಡಿದ. ಅಕ್ಕ ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹತ್ತಿ ಕೂತಳು.

"ನಾಳಿಂದ ನಮ್ಮೂರಾಕಿ ಒಬ್ಬಾಕಿ ಬರತಾಳ್ರಿ ರೊಟ್ಟಿಗೆ" ಎಂದಳು. "ಛಲೋ ಮಾಡತಾಳ. ಆಕೀ ಗಂಡನೂ ಊರಾಗಿಲ್ಲ. ಆಕೀಗೆ ಕತಿ ಹೇಳಬ್ಯಾಡ್ರಿ."

ಹೊಸಬಳು ಬರುತ್ತಿದ್ದಾಳೆ. ಹನ್ನೆರಡಕ್ಕೆ ಬಂದು ಮೂರು ರೊಟ್ಟಿ ಮಾಡಿ ಹನ್ನೆರಡೂ ಕಾಲಿಗೆ ಹೋಗುತ್ತಾಳೆ. ಏನು ಬರೆಯುತ್ತೀರಿ ಎಂದು ಮೊನ್ನೆ ಅವಳೂ ಕೇಳಿದಳು. ಏನಿಲ್ಲವ್ವ ಎಂದು ನೋಟ್‌ಬುಕ್ ಮುಚ್ಚಿದೆ.